ಅಕ್ಕಿ ಬಿತ್ತಿದ ಭಾವ

ನಮ್ಮ ಭಾವ ತಮ್ಮ ಮಕ್ಕಳಿಗೆ ಏನನ್ನೂ ಕಲಿಸಲಿಲ್ಲ. ಸೋಮಾರಿತನ ಎಂದುಕೊಳ್ಳಬೇಡಿ. ಕಲಿಸದೆ ಇರುವುದಕ್ಕೆ ಅವರು ಪಟ್ಟ ಪಾಡನ್ನು ಮೈಸೂರು ಸಂಸ್ಥಾನದ ಯಾವ ಮೇಷ್ಟರೂ ಕಲಿಸುವುದಕ್ಕೆ ಪಟ್ಟಿರಲಾರರು. ಮೈಯೆಲ್ಲ ಕೆಸರು, ಮಂಡಿಯೆಲ್ಲ ತರಚು, ಮೀಸೆಯಲ್ಲಿ ರಾಗಿಹಿಟ್ಟು! ಮಧುಗಿರಿ ಬೆಟ್ಟದ ಬುಡದ ಬೀದಿಯಲ್ಲಿ ಯಾರನ್ನು ನಿಲ್ಲಿಸಿ ಕೇಳಿದರೂ, "ಅವ್ರಾ? ಬೋ ಒಳ್ಳೆ ಮನುಸ್ರು. ಒಸಿ ಸಡಿಲ" ಎಂದು ಹಣೆಯ ಪಕ್ಕದಲ್ಲಿ ಬೆರಳು ತಿರುಗಿಸಿ ತೋರಿಸುತ್ತಿದ್ದರು. ಬೆರಳು ತಿರುಗಿಸಿದವರಲ್ಲಿ ನಾನೂ ಒಬ್ಬ. ಒಬ್ಬ ಏನು ಬಂತು, ಮೊದಲನೆಯವನು.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೊಲ, ಸಣ್ಣದೊಂದು ದಾಳಿಂಬೆ ತೋಟ, ಇಬ್ಬರು ಗಂಡುಮಕ್ಕಳು. ಅವರ ಜೊತೆಗೆ ನನ್ನ ಮಗಳು ಪುಟ್ಟಿ. ಪುಟ್ಟಿಗೆ ನಡೆಯಲು ಬರುವ ಮುಂಚೆಯೇ ಅವಳ ತಾಯಿ ತೀರಿಕೊಂಡಿದ್ದಳು. ನಾನು ಶಿರಾದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಕೂಸನ್ನು ಅಕ್ಕನ ಮಡಿಲಿಗೆ ಹಾಕಿ, ರಜೆ ಸಿಕ್ಕಾಗ ಬಂದು ನೋಡಿಹೋಗುತ್ತಿದ್ದೆ. ನಮ್ಮ ವಂಶದಲ್ಲಿ ತುಮಕೂರಿಗೆ ಹೋಗಿ ಹೈಸ್ಕೂಲು ಓದಿದವನು ನಾನೊಬ್ಬನೇ. ಆ ಓದು ತಲೆಗೆ ಹತ್ತಿತೋ ಇಲ್ಲವೋ ಕಾಣೆ, ನೆತ್ತಿಗೇರಿದ್ದು ಮಾತ್ರ ನಿಜ.

ಭಾವನದು ಒಂದೇ ಕಾನೂನು. ಮಗು ಕೇಳುವ ತನಕ ಹೇಳಬಾರದು. ಕೇಳಿದರೂ ಹೇಳಬಾರದು. ಅದೇ ಕೈ ಹಾಕಿ ಕಂಡುಕೊಳ್ಳುವವರೆಗೆ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿರಬೇಕು. ಇದನ್ನು ಅವರಿಗೆ ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ಅವರಿಗೆ ಹೇಳಿಕೊಡಲು ಹೋದ ಕೂಲಿಮಠದ ಅಯ್ಯನವರ ಬೆತ್ತ ಮುರಿದಿತ್ತಂತೆ, ಅಷ್ಟೆ.

ಒಂದು ಭಾನುವಾರ ನಾನು ಹೋದಾಗ ಭಾವ ನಡುಮನೆಯಲ್ಲಿ ಮಂಡಿಯ ಮೇಲೆ ನಡೆಯುತ್ತಿದ್ದರು. ಹಿಂದೆ ಮೂರು ಮಕ್ಕಳು, ಮೆರವಣಿಗೆಯಂತೆ.

"ಏನು ಭಾವ, ಹರಕೆಯಾ?"

"ಲೇ ಬಾಮೈದ, ಬಾ, ನೀನೂ ಮಂಡಿ ಊರು. ಈ ಮನೇಲಿ ಮಕ್ಳ ಕಣ್ಗೆ ಏನ್ ಕಾಣ್ತದೆ ಗೊತ್ತೇನ್ಲಾ? ಬರೀ ದೊಡ್ಡೋರ ಮಂಡಿ. ಒಂದ್ ಚಿಲ್ಕ ಎಟ್ಕಲ್ಲ, ಒಂದ್ ಗೂಟ ಎಟ್ಕಲ್ಲ. ಇಂಗಾದ್ರೆ ಅವು ಏನ್ ಮಾಡಿ ಏನ್ ಕಲೀತವೆ?"

ಮುಂದಿನ ಸಲ ನಾನು ಬರುವ ಹೊತ್ತಿಗೆ ಮನೆಯ ಗೂಟ, ಚಿಲಕ, ಉಪ್ಪಿನ ಮರಿಗೆ, ಮಜ್ಜಿಗೆ ಕಡೆಯುವ ಕಂಬದ ಹಗ್ಗ, ಎಲ್ಲವೂ ಮೊಳಕಾಲೆತ್ತರಕ್ಕೆ ಇಳಿದಿದ್ದವು. ಅಂಗಿ ತೂಗುಹಾಕಲು ನಾನು ದೇವರಿಗೆ ಅಡ್ಡಬಿದ್ದಂತೆ ಬಗ್ಗಬೇಕಾಯಿತು. ಮಕ್ಕಳೇನೋ ಬಾಗಿಲು ತಾವೇ ತೆಗೆದು ತಾವೇ ಹಾಕಿ ರಾಜರಂತೆ ಓಡಾಡುತ್ತಿದ್ದರು. ಆದರೆ ಚಿಲಕ ಎಟುಕಿದ್ದು ಮಕ್ಕಳಿಗೆ ಮಾತ್ರವೇ? ಬೀದಿಯ ಒಂದು ಆಡು ಮೂತಿಯಿಂದ ಅದನ್ನು ಎತ್ತುವುದನ್ನು ಅಭ್ಯಾಸ ಮಾಡಿ, ಒಳಗೆ ಬಂದು, ಅಕ್ಕ ಮೊರದಲ್ಲಿ ಹರಡಿದ್ದ ಹುರುಳಿಯನ್ನೆಲ್ಲ ಮುಗಿಸಿತ್ತು.

ಭಾವನಿಗೆ ಹಿಡಿಸಲಾರದ ಸಂತೋಷ. "ನೋಡ್ದೇನೇ, ಆಡೂ ಕಲ್ತ್ಕಂಬುಡ್ತು."

"ಈ ಮನೇಲಿ ಎಲ್ರೂ ಕಲೀತಾರೆ" ಎಂದಳು ಅಕ್ಕ ಮೊರ ಕೊಡವುತ್ತ. "ಒಬ್ರು ಮಾತ್ರ ಕಲಿಯಾಕಿಲ್ಲ. ಯಾರು ಅಂತ ನಾನ್ ಹೇಳಾಕಿಲ್ಲ."

ಇನ್ನು ದೊಡ್ಡ ಹುಡುಗನ ಅಕ್ಷರಾಭ್ಯಾಸದ ಕಥೆ. ವಿಜಯದಶಮಿಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಅರಿಸಿನದ ಕೊಂಬು ಹಿಡಿಸಿ, ಜೋಯಿಸರು ಅವನ ಕೈಯಲ್ಲಿ ಶ್ರೀಕಾರ ಬರೆಸಿದರು. ಎಲ್ಲ ಸಾಂಗವಾಗಿ ನಡೆದಿತ್ತು. ಆ ಅಕ್ಕಿ ವಾಡಿಕೆಯಂತೆ ಜೋಯಿಸರಿಗೆ ಸೇರಬೇಕು. ಅವರು ಹೆಗಲ ಮೇಲಿನ ವಸ್ತ್ರ ಬಿಚ್ಚಿ ಹಾಸಿಯೂ ಆಗಿತ್ತು. ಅಷ್ಟರಲ್ಲಿ ಹುಡುಗ ಕೇಳಿದ:

"ಅಪ್ಪ, ಈ ಅಕ್ಕಿ ಬಿತ್ತುದ್ರೆ ಅಕ್ಸರ ಮೊಳೀತದಾ?"

ಭಾವ ತಟ್ಟೆ ಎತ್ತಿಕೊಂಡು ಎದ್ದೇಬಿಟ್ಟರು.

"ಅಕ್ಕಿ ಮೊಳೆಯೋದಿಲ್ಲವಪ್ಪ, ಹೊಟ್ಟು ತೆಗೆದಿದೆಯಲ್ಲ" ಎಂದರು ಜೋಯಿಸರು, ಕಣ್ಣು ತಟ್ಟೆಯ ಮೇಲೆಯೇ.

"ಹೇಳ್ಬುಟ್ರಲ್ಲಾ ಸ್ವಾಮಿ!" ಭಾವ ಮನೆಗೆ ಕನ್ನ ಬಿದ್ದವರಂತೆ ನೊಂದುಕೊಂಡರು. "ಅವ್ನು ನೀರಾಕಿ, ಕಾದು, ಕೆದ್ಕಿ, ತಾನೇ ಕಂಡ್ಕತ್ತಿದ್ದ. ಎಲ್ಲಾ ಕೆಡಿಸ್ಬುಟ್ರಿ."

ಜೋಯಿಸರಿಗೆ ಬೇರೆ ಅಕ್ಕಿ ಕೊಟ್ಟು ಕಳಿಸಿದ್ದಾಯಿತು. ಶ್ರೀಕಾರದ ಅಕ್ಕಿ ಮಾತ್ರ ಮನೆಯ ಮುಂದಿನ ಪಾತಿಗೆ ಬಿತ್ತು. ಅರವತ್ತು ಊರಿನ ಮಳೆ ಲೆಕ್ಕ ಬಲ್ಲ ಒಕ್ಕಲು ಮನೆತನದ ಯಜಮಾನರು ಪ್ರತಿದಿನ ಬೆಳಿಗ್ಗೆ ಮಗನ ಜೊತೆ ಕೂತು ಅಕ್ಕಿಗೆ ನೀರು ಹಾಕುವುದನ್ನು ನೋಡಲು ಜನ ಬೇರೆ ಬೀದಿಯಿಂದ ಬಳಸಿಕೊಂಡು ಬರುತ್ತಿದ್ದರು.

"ಗೌಡ್ರೇ, ಅನ್ನಾನೇ ಬಿತ್ತಿ. ಬ್ಯಾಗ ಬತ್ತದೆ."

"ಮಳೆ ಹೆಚ್ಚಾದ್ರೆ ಗಂಜಿ ಆದಾತು, ನೋಡ್ಕಳಿ."

ಭಾವ ನಗುತ್ತಿದ್ದರು. ಮಕ್ಕಳು ತಾವಾಗಿಯೇ ಅಕ್ಕಿಯ ಪಕ್ಕದಲ್ಲಿ ಭತ್ತ ಹಾಕಿದರು, ರಾಗಿ ಹಾಕಿದರು, ಹಸಿಯ ಕಡಲೆಕಾಯಿ, ಬೇಯಿಸಿದ ಕಡಲೆಕಾಯಿ, ಕೊನೆಗೆ ಕಿರಿಯವನು ಅರ್ಧ ತಿಂದ ನಿಪ್ಪಟ್ಟನ್ನೂ ಹೂತ. ಮೊಳೆಯುವುದು ಮೊಳೆಯಿತು, ಕೊಳೆಯುವುದು ಕೊಳೆಯಿತು, ಅಕ್ಕಿ ಗುಬ್ಬಿಗಳ ಪಾಲಾಯಿತು. ದೊಡ್ಡ ಹುಡುಗ ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟ: "ಬಟ್ಟೆ ಬಿಚ್ಚಿರೋ ಬೀಜ ನಾಚ್ಕಂಡು ಮ್ಯಾಕೆ ಬರಾಕಿಲ್ಲ."

ನಾನು ತಿದ್ದಲು ಬಾಯಿ ತೆರೆದೆ. ಭಾವ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. ಕೈಯಲ್ಲಿ ಗೊಬ್ಬರವಿತ್ತು.

ಇದಕ್ಕೂ ಮಿಗಿಲಾದದ್ದು ಅಕ್ಕನನ್ನು ತೂಗಿದ ಪ್ರಸಂಗ. ಅವ್ವ ಭಾರವೋ ಕಡಲೆಕಾಯಿ ಮೂಟೆ ಭಾರವೋ ಎಂದು ಮಕ್ಕಳಲ್ಲಿ ಜಗಳ ಹುಟ್ಟಿತು. ಭಾವ ಯಥಾಪ್ರಕಾರ ಬಾಯಿ ಬಿಡಲಿಲ್ಲ. ಹಗ್ಗ, ಒಂದು ಹಳೆಯ ನೊಗ, ಎರಡು ಹಲಗೆ ತಂದು ಬೇವಿನ ಮರದ ಕೆಳಗೆ ಸುಮ್ಮನೆ ಇಟ್ಟರು. ಮಕ್ಕಳೇ ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ನೊಗ ಒಂದು ಕಡೆಗೇ ವಾಲುತ್ತಿತ್ತು. ನಡುವಿನ ಹಗ್ಗವನ್ನು ಹೆಬ್ಬೆರಳಿನಿಂದ ಒಂದಿಷ್ಟೇ ಒಂದಿಷ್ಟೇ ಸರಿಸಿ ಅದನ್ನು ನೆಟ್ಟಗೆ ನಿಲ್ಲಿಸಿದವಳು ನನ್ನ ಪುಟ್ಟಿ. ಎಡಗೈಯ ಹೆಬ್ಬೆರಳು. ಆಗ ನಾನು ಅದನ್ನು ಗಮನಿಸಲಿಲ್ಲ.

"ನಾನೇನ್ ಬೆಲ್ಲದ ಅಚ್ಚಾ ತೂಗಾಕೆ?" ಎಂದು ಅಕ್ಕ ರೇಗಿದಳು. ಕೂರದಿದ್ದರೆ ಒಲೆಯ ಮುಂದಿನಿಂದ ಏಳುವುದಿಲ್ಲವೆಂದು ಮೂವರೂ ಮುಷ್ಕರ ಹೂಡಿದ ಮೇಲೆ ಬಂದು ಒಂದು ಹಲಗೆಯ ಮೇಲೆ ಕೂತಳು. ಇನ್ನೊಂದರ ಮೇಲೆ ಮೂಟೆ. ಅದೇ ಹೊತ್ತಿಗೆ ಬೀದಿಯಲ್ಲಿ ಹೋಗುತ್ತಿದ್ದ ಮೂಲೆಮನೆಯ ಅಜ್ಜಿ ನೋಡಿದಳು. ಮುತ್ತೈದೆ ತಕ್ಕಡಿಯಲ್ಲಿ ಕೂತಿದ್ದಾಳೆ, ಎದುರಿಗೆ ಹೊಸ ಫಸಲು. ಇನ್ನೇನು ಇರಲು ಸಾಧ್ಯ?

"ಅಯ್ ನಮ್ಮವ್ವ, ತುಲಾಭಾರ! ಒಂದ್ ಮಾತ್ ಹೇಳ್ಬಾರ್ದಿತ್ತಾ ಕಣಮ್ಮ!"

ಅಜ್ಜಿ ಓಡಿದಳು. ಆ ವಯಸ್ಸಿನಲ್ಲಿ ಹಾಗೆ ಓಡಿದವರನ್ನು ನಾನು ಕಂಡಿಲ್ಲ. ಗಳಿಗೆಯಲ್ಲಿ ಬೀದಿಯ ಹೆಂಗಸರೆಲ್ಲ ಆರತಿ, ಕರ್ಪೂರ, ಹೂವು ಹಿಡಿದು ನೆರೆದರು. ಸೋಬಾನೆ ಶುರುವಾಯಿತು. ಅಕ್ಕ ಇಳಿಯಲು ಹೋದರೆ "ಅರ್ಧಕ್ಕೇ ಇಳೀಬಾರ್ದು ಕಣಮ್ಮ" ಎಂದು ಅದುಮಿ ಕೂರಿಸಿದರು. ಇಷ್ಟೆಲ್ಲ ಆದ ಮೇಲೆ ಇದು ಹರಕೆಯಲ್ಲ, ಮಕ್ಕಳಾಟ ಎಂದು ಹೇಳುವ ಧೈರ್ಯ ಯಾರಿಗಿದೆ? ಕಡಲೆಕಾಯಿ ಮೂಟೆ ಮೆರವಣಿಗೆಯಲ್ಲಿ ದೇವಸ್ಥಾನಕ್ಕೆ ಹೋಯಿತು. ಮುಂದೆ ಭಾವ, ತಲೆಗೆ ರುಮಾಲು ಸುತ್ತಿ, ಭಕ್ತಿಯಿಂದ ಕೈಮುಗಿದುಕೊಂಡು!

ಅಕ್ಕ ಸಂಜೆ ಹೇಳಿದಳು: "ನಾಳೆ ಅವು ಎತ್ತು ತೂಗ್ತೀವಿ ಅಂದ್ರೆ ಹೊಲಾನೇ ಬರ್ಕೊಟ್ಬುಡಿ ದೇವ್ರಿಗೆ."

ಇಷ್ಟು ಹೊತ್ತು ನಗಿಸಿದ್ದೇನೆ. ಈಗ ನನ್ನ ಪಾಲಿನದನ್ನು ಹೇಳಬೇಕು. ಕಚೇರಿಯಲ್ಲಿ ಒಬ್ಬೊಬ್ಬರು ತಮ್ಮ ಮಕ್ಕಳು ಮಗ್ಗಿ ಒಪ್ಪಿಸುವುದನ್ನು ಬಣ್ಣಿಸುವಾಗ ನನಗೆ ಮೈ ಉರಿಯುತ್ತಿತ್ತು. ನಾನು ಹೋಗಿ "ಪುಟ್ಟಿ, ಏನು ಕಲಿತೆ?" ಎಂದರೆ ಅವಳು ಮಡಕೆ ತಟ್ಟಿ, ಬಿರುಕು ಬಿಟ್ಟದ್ದು ಯಾವುದೆಂದು ಹೇಳುತ್ತಿದ್ದಳು. ಕಚೇರಿಯಲ್ಲಿ ಇದನ್ನು ಹೇಳಿಕೊಳ್ಳಲಾದೀತೇ? ಆ ವರ್ಷದ ವಿಜಯದಶಮಿಗೆ ಅವಳ ಅಕ್ಷರಾಭ್ಯಾಸ ನಾನೇ ಹಠ ಹಿಡಿದು ಮಾಡಿಸಿದೆ.

ಪುಟ್ಟಿ ಅರಿಸಿನದ ಕೊಂಬನ್ನು ಎಡಗೈಯಲ್ಲಿ ಹಿಡಿದಳು. ಜೋಯಿಸರು ಕೆಮ್ಮಿದರು. ನಾನು ಬಲಗೈಗೆ ಕೊಟ್ಟೆ. ಅವಳು ಎಡಗೈಗೆ ತೆಗೆದುಕೊಂಡಳು. ಮತ್ತೆ ಕೊಟ್ಟೆ, ಮತ್ತೆ ತೆಗೆದುಕೊಂಡಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾನು ಅವಳ ಎಡಗೈಯ ಮೇಲೆ ಹೊಡೆದೆ. ಅಕ್ಕಿ ಚೆಲ್ಲಿತು.

"ಯಾವ ಕೈ ಆದ್ರೇನ್ಲಾ? ಅಕ್ಕಿ ಬ್ಯಾಡ ಅಂತದಾ?" ಎಂದರು ಭಾವ.

"ನಿಮ್ಮಿಂದಲೇ ಇವಳು ಹೀಗಾಗಿರೋದು" ಎಂದೆ. ಅಂದೇ ಮಗಳನ್ನು ಶಿರಾಕ್ಕೆ ಕರೆದುಕೊಂಡು ಹೊರಟೆ.

ಶಿರಾದಲ್ಲಿ ಅಡಿಗೆಗೆ ಒಬ್ಬ ಮುದುಕಮ್ಮ ಇದ್ದರು. ನಾನು ಹಳೆಯ ಪಂಚೆಯ ಅಂಚು ಹರಿದು, ಪುಟ್ಟಿಯ ಎಡಗೈಯನ್ನು ಸೊಂಟಕ್ಕೆ ಸೇರಿಸಿ ಕಟ್ಟಿದೆ. ಸ್ಲೇಟಿನ ಮುಂದೆ ಕೂತಾಗ, ಉಣ್ಣಲು ಕೂತಾಗ. ಅವಳು ಅಳಲಿಲ್ಲ. ನಾನು ಬಟ್ಟೆ ತಂದರೆ ತಾನೇ ಬಂದು ನಿಲ್ಲುತ್ತಿದ್ದಳು. ಸ್ವಲ್ಪ ದಿನಕ್ಕೆ ಬಲಗೈಯಲ್ಲಿ ಸೊಟ್ಟಸೊಟ್ಟ ಅಕ್ಷರ ಮೂಡಿದವು. ಮಧುಗಿರಿಯಿಂದ ಕಚೇರಿಗೆ ಬಂದವರೊಬ್ಬರ ಕೈಲಿ ಭಾವನಿಗೆ ಹೆಮ್ಮೆಯಿಂದಲೇ ಹೇಳಿಕಳಿಸಿದೆ: ಕೈ ಕಟ್ಟಿದ್ದೇನೆ, ದಾರಿಗೆ ಬಂದಿದ್ದಾಳೆ ಎಂದು. ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ದಿನವೆಲ್ಲ "ಯಾಕೆ, ಯಾಕೆ" ಎಂದು ಪ್ರಾಣ ತಿನ್ನುತ್ತಿದ್ದ ಮಗು ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ.

ಸುದ್ದಿ ಮುಟ್ಟಿದ ವಾರದ ಭಾನುವಾರ ಮಧ್ಯಾಹ್ನ ಭಾವ ಬಂದರು. ಬಲಗೈಯನ್ನು ಕೆಂಪು ಟವೆಲಿನಿಂದ ಸೊಂಟಕ್ಕೆ ಬಿಗಿದುಕೊಂಡಿದ್ದರು.

"ಅಯ್ಯೋ ಭಾವ, ಕೈ ಮುರೀತಾ?"

"ಅದನ್ನೇ ಕೇಳ್ದ ಕಣ್ಲಾ ಬಸ್ಸಿನ ಸಾಯಿಬ. 'ಕ್ಯಾ ಗೌಡ್ರೇ, ಹಾತ್ ಹೋಯ್ತಾ' ಅಂತ. ಇಲ್ಲಪ್ಪ, ಕಟ್ಕಂಡಿವ್ನಿ ಅಂದೆ. ಅಲ್ಲಿಂದ ಶಿರಾ ತಂಕ ನನ್ ಪಕ್ಕ ಒಬ್ರೂ ಕೂರ್ಲಿಲ್ಲ. ಕಾಲು ನೀಡ್ಕಂಡ್ ಬಂದೆ."

ಯುದ್ಧದ ಕಾಲದ ಇದ್ದಿಲು ಗ್ಯಾಸಿನ ಬಸ್ಸು, ಮುಖವೆಲ್ಲ ಮಸಿ. ತೊಳೆದುಕೊಳ್ಳಲು ಎಡಗೈಯಲ್ಲಿ ಚೊಂಬೆತ್ತಿದರೆ ನೀರು ನನ್ನ ಮೇಲೆ ಬಿತ್ತು. ಎಲೆಯ ಮುಂದೆ ಕೂತು ಎಡಗೈಯಲ್ಲಿ ಮುದ್ದೆ ಮುರಿದರು. ಮುದುಕಮ್ಮ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. ಮೊದಲ ತುತ್ತು ಸಾರಿನಲ್ಲಿ ಮುಳುಗಿ ಕಾಣೆಯಾಯಿತು. ಎರಡನೆಯದು ಮೀಸೆಗೆ ಅಂಟಿತು. ಮೂರನೆಯದು ಬೆರಳಿನಿಂದ ಜಾರಿ, ಉರುಳಿ, ಗೋಡೆಯ ಮೂಲೆಗೆ ಹೋಗಿ ನಿಂತಿತು. ಭಾವ ಅದರ ಹಿಂದೆ ಮಂಡಿಯ ಮೇಲೆ ಹೋದರು.

ಎದುರಿಗೆ ಕೈ ಕಟ್ಟಿಸಿಕೊಂಡು ಕೂತಿದ್ದ ಪುಟ್ಟಿಯ ತುಟಿ ಮೊದಲು ಅಲುಗಿತು. ಆಮೇಲೆ ಭುಜ. ಆಮೇಲೆ ಬಿಕ್ಕಳಿಕೆ ಬರುವ ತನಕ ನಕ್ಕಳು. ಅವಳ ನಗು ನನ್ನ ಮನೆಯಲ್ಲಿ ಕೇಳಿಸಿದ್ದು ಅದೇ ಮೊದಲು ಎಂದು ನನಗೆ ಆಗ ಹೊಳೆಯಿತು.

"ಏನು ನಾಟಕ ಭಾವ ಇದು?" ಎಂದೆ.

"ನಾಟ್ಕ ಅಲ್ಲ ಕಣ್ಲಾ." ಅವರು ನನ್ನ ಕಡೆ ನೋಡಲಿಲ್ಲ. "ಹೆಂಗಿರ್ತದೆ ಅಂತ ನೋಡಾನ ಅಂತ ಕಟ್ಕಂಡೆ. ಎಲೆ ಅಡ್ಕೆ ಆಕ್ಕಳಾಕಾಗ್ಲಿಲ್ಲ. ರುಮಾಲು ಸುತ್ಕಳಾಕಾಗ್ಲಿಲ್ಲ. ಅದೇನೂ ದೊಡ್ದಲ್ಲ ಬುಡು. ನನ್ ಮ್ಯಾಲೆ ನಂಗೇ ಸಿಟ್ಟು ಬತ್ತದೆ ಕಣ್ಲಾ. ನನ್ ಕೈನೇ ನಂಗೆ ಶತ್ರು ಆದಂಗೆ."

ಪುಟ್ಟಿ ಎದ್ದು ಅವರ ಹತ್ತಿರ ಹೋದಳು. ಟವೆಲಿನ ಗಂಟನ್ನು ಬಲಗೈಯಿಂದ ಜಗ್ಗಿದಳು. ಬರಲಿಲ್ಲ. ಮತ್ತೆ ಜಗ್ಗಿದಳು. ತಿರುಗಿ ನನ್ನ ಮುಂದೆ ಬಂದು ನಿಂತಳು.

"ಅಪ್ಪ, ನಂದು ಒಸಿ ಬಿಚ್ಚು. ಮಾವುಂದು ಬಿಚ್ಬುಟ್ಟು ಬತ್ತೀನಿ. ಆಮ್ಯಾಕೆ ಕಟ್ಟುವಂತೆ."

ಗಂಟು ಬಿಗಿದುಕೊಂಡಿತ್ತು. ನಾನೇ ಹಾಕಿದ್ದು, ನನ್ನ ಬೆರಳಿಗೇ ಸಿಗಲಿಲ್ಲ. ಬಗ್ಗಿ ಹಲ್ಲಿನಿಂದ ಕಚ್ಚಿ ಎಳೆದೆ. "ಅಪ್ಪ ಇಲಿ ತರ ಕಡೀತಾನೆ ಮಾವ" ಎಂದು ಅವಳು ನಕ್ಕಳು. ಬಟ್ಟೆ ಕೆಳಗೆ ಬಿತ್ತು. ಅವಳ ಮಣಿಕಟ್ಟಿನಲ್ಲಿ ಅದರ ಗುರುತು ಇತ್ತು. ಎರಡೂ ಕೈ ಹಾಕಿ ಅವಳು ಮಾವನ ಗಂಟನ್ನು ಕಣ್ಣು ಮಿಟುಕಿಸುವುದರೊಳಗೆ ಬಿಚ್ಚಿದಳು.

ಬಿಚ್ಚಿ, ಕೊಟ್ಟ ಮಾತಿನಂತೆ ವಾಪಸು ಬಂದಳು. ಎಡಗೈಯನ್ನು ತಾನೇ ಸೊಂಟಕ್ಕೆ ಒತ್ತಿಕೊಂಡು, ಕಟ್ಟು ಎಂದು ನನ್ನ ಮುಂದೆ ನಿಂತಳು.

ನಾನು ನೆಲ ನೋಡಿದೆ. ಬಟ್ಟೆ ಅಲ್ಲಿರಲಿಲ್ಲ. ಭಾವ ಅದನ್ನು ಎತ್ತಿಕೊಂಡು, ಗೋಡೆಯ ಕಡೆ ತಿರುಗಿ, ಸದ್ದು ಮಾಡಿಕೊಂಡು ಮೂಗು ಒರೆಸಿಕೊಳ್ಳುತ್ತಿದ್ದರು.