ಫೋನಿದ್ದವನ ಕಾಲೇಜು

ಅಂಬೇವಾಡಿಯ ಆ ಮನೆಗಳ ಸಾಲಿನಲ್ಲಿ ಫೋನಿದ್ದದ್ದು ಕುಬೇರನ ಮನೆಯಲ್ಲಿ ಮಾತ್ರ. ಅದೇ ಅವನು ಮಾಡಿದ ತಪ್ಪು. ಸಾಲಿನವರೆಲ್ಲ ತಮ್ಮ ನೆಂಟರಿಗೆ ಅವನ ನಂಬರನ್ನೇ ಕೊಟ್ಟಿದ್ದರು. ಒಬ್ಬರಂತೂ ಅದನ್ನು ಮದುವೆ ಕಾರ್ಡಿನಲ್ಲೂ ಅಚ್ಚು ಹಾಕಿಸಿದ್ದರು. ಉಣ್ಣುವಾಗ ಎದ್ದು ಎದ್ದು ಹೋಗಿ ಮಂದಿಯನ್ನು ಕರೆಯುವುದರಲ್ಲೇ ಅವನ ಊಟ ಆರುತ್ತಿತ್ತು.

ಈಗ ಅದೇ ಫೋನಿನ ತಂತಿಯಲ್ಲಿ ಅವನ ಕಾಲೇಜು ಬರುವುದಿತ್ತು. ಮಿಲ್ಲಿನ ಗೋದಾಮಿನಲ್ಲಿ ಕಾಗದದ ರೀಲು ಹೊರಳಿಸಿ ಸೊಂಟ ಕಳೆದುಕೊಂಡಿದ್ದ ಕುಬೇರ, ಡಿಗ್ರಿ ಆದರೆ ಆಫೀಸಿನ ಕುರ್ಚಿ ಸಿಗುತ್ತದೆಂದು ಧಾರವಾಡದ ಒಂದು ಇಂಟರ್ನೆಟ್ ಕಾಲೇಜಿಗೆ ಹೆಸರು ಹಚ್ಚಿದ್ದ. ಭಾನುವಾರ ಹನ್ನೊಂದಕ್ಕೆ ಮೊದಲ ಪಾಠ. ಅದಕ್ಕೆ ಹಾಜರಿಲ್ಲದವರ ಹೆಸರು ತೆಗೆಯುತ್ತಾರೆ. ‘ಶಾಂತವಾದ ಜಾಗ ಆರಿಸಿಕೊಳ್ಳಿ, ನೆರೆಹೊರೆಯವರಿಗೆ ಮೊದಲೇ ತಿಳಿಸಿ’ ಎಂದು ಕಾಲೇಜಿನವರು ಸಲಹೆ ಕಳಿಸಿದ್ದರು. ಬರೆದ ಪುಣ್ಯಾತ್ಮ ಅಂಬೇವಾಡಿಯನ್ನು ಕಂಡಿರಲಿಲ್ಲ.

ಇಂಟರ್ನೆಟ್ ಹತ್ತಿದಷ್ಟು ಹೊತ್ತು ಫೋನ್ ಬರುವುದಿಲ್ಲ, ಯಾರಾದರೂ ರಿಸೀವರ್ ಎತ್ತಿದರೆ ಇಂಟರ್ನೆಟ್ ಹೋಗುತ್ತದೆ. ಇದನ್ನು ಕುಬೇರ ಮನೆ ಮನೆಗೆ ಹೋಗಿ ಹೇಳಿ ಬಂದಿದ್ದ. ಎಲ್ಲರೂ ತಲೆಯಾಡಿಸಿದ್ದರು.

ಭಾನುವಾರ ಹೆಂಡತಿ ಸಂತೆಗೆ ಹೋದದ್ದೇ ಕಂಪ್ಯೂಟರ್ ಹಚ್ಚಿದ. ಫೋನಿನ ತಂತಿಗೆ ಜೋಡಿಸಿದ ಮೋಡೆಮ್ ಡಬ್ಬಿ ಕೀಚ್ ಕೀಚ್ ಅಂದಿತು. ಸದ್ದು ಕೇಳಿ ಪಕ್ಕದ ಮನೆಯ ಗೋದುಬಾಯಿ ಒಳಗೇ ಬಂದಳು.

“ಏನೋ ತಮ್ಮಾ ಇದು, ಕೋಳಿ ಕುತಗಿ ಹಿಚಕಿದಂಗ? ಮಡಗಾಂವದಿಂದ ಮಗಳು ಫೋನ್ ಮಾಡಾಕಿ ಇದ್ಳು. ಫೋನ್ ಸತ್ತೈತೇನ ನೋಡ್ತೇನಿ ತಡಿ.”

ತಡಿ ಅಂದವಳು ತಾನು ತಡೆಯಲಿಲ್ಲ, ರಿಸೀವರ್ ಎತ್ತಿಯೇ ಬಿಟ್ಟಳು. ಹತ್ತಿದ ಇಂಟರ್ನೆಟ್ ಹೋಯಿತು.

ಕುಬೇರ ಹಲ್ಲು ಕಡಿದು ಮತ್ತೆ ಹಚ್ಚಿದ. ಅಷ್ಟರಲ್ಲಿ ಎದುರು ಮನೆಯ ಖತೀಜಾಬಿ ಬಂದು ಹೊಸ್ತಿಲ ಮೇಲೆ ಕುಳಿತಳು. ಕುವೈತಿನ ಮಗ ಫೋನ್ ಮಾಡುವ ದಿನ ಅದು.

“ಆತೇನಪಾ ನಿಂದು?” ಎಂದು ಕೇಳಿದಳು. ಕಾದು ಕಾದು, “ಎತ್ತೂದಿಲ್ಲ, ಬರೇ ಕಿವಿ ಹಚ್ಚಿ ಕೇಳ್ತೇನಿ” ಎಂದು ಆಕೆಯೂ ಎತ್ತಿದಳು.

ಕುಬೇರನ ತಾಳ್ಮೆ ಅಲ್ಲಿಗೆ ಮುಗಿಯಿತು. ವರ್ಷಗಳಿಂದ ನುಂಗಿಕೊಂಡಿದ್ದ ಸಿಟ್ಟೆಲ್ಲ ಒಮ್ಮೆಲೇ ಹೊರಗೆ ಬಂತು.

“ಇದು ನನ್ನ ಮನಿ, ಟಪಾಲ ಕಚೇರಿ ಅಲ್ಲ. ನಿಮ್ಮ ಮಕ್ಕಳು ಮಾತಾಡಬೇಕಂತ ನಾ ಸಾಯೂತನಾ ರೀಲ ಹೊರಳಿಸ್ಬೇಕೇನು? ಇನ್ನ ಮ್ಯಾಲೆ ಯಾರನ್ನ ಕೇಳಿ ಫೋನ್ ಬಂದ್ರೂ, ಇಲ್ಲಿ ಅಂಥವ್ರು ಯಾರೂ ಇಲ್ಲ ಅಂತ ಹೇಳಿ ಇಟ್ಟ ಬಿಡೂದ. ತಿಳೀತಿಲ್ಲೋ?”

ಖತೀಜಾಬಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಹೋದಳು. ಗೋದುಬಾಯಿ ಮಾತ್ರ ತಲೆ ತಗ್ಗಿಸಿ ಬಾಗಿಲಲ್ಲೇ ನಿಂತಳು. ಅವನಿಗೆ ಪಾಪ ಅನ್ನಿಸಲಿಲ್ಲ, ಸಿಟ್ಟು ಇನ್ನೂ ಉಳಿದಿತ್ತು.

ಮೂರನೆಯ ಸಲ ಇಂಟರ್ನೆಟ್ ಹತ್ತಿತು. ತೆರೆಯ ಮೇಲೆ ಕಾಲೇಜಿನ ಹೆಸರು ಅರ್ಧ ಮೂಡಿತು. ಕರೆಂಟು ಹೋಯಿತು.

ಕುಬೇರ ಚಪ್ಪಲಿ ಮೆಟ್ಟುತ್ತ ಗೋದುಬಾಯಿಗೆ ಹೇಳಿದ. “ಮಾವಶಿ, ಮನಿ ಕಡೆ ಲಕ್ಷ್ಯ ಇರ್ಲಿ. ಇವತ್ತ ಆ ಕರೆಂಟಿನವ್ರಿಗೊಂದ ಗತಿ ಕಾಣಸ್ತೇನಿ.”

ಕರೆಂಟ್ ಆಫೀಸಿನಲ್ಲಿ ಇದ್ದವನು ಒಬ್ಬನೇ, ಅವನೂ ಶೇಂಗಾ ತಿನ್ನುತ್ತಿದ್ದ. “ಕುಳಗಿ ಕಡೆ ತಂತಿ ಮ್ಯಾಲೆ ಗಿಡ ಬಿದ್ದೈತ್ರಿ. ಗಿಡಕ್ಕ ನೋಟೀಸ್ ಕೊಡ್ಲೇನು?” ಎಂದ. ಕುಬೇರ ಗಂಟಲು ಹರಿಯುವಂತೆ ಜಗಳ ಮಾಡಿದ. ತಿರುಗಿ ಬರುವಾಗ ದಾರಿಯಲ್ಲಿ ಸಿಕ್ಕ ನಾಯಿಯನ್ನೂ ಬೈದ.

ಮನೆಯಲ್ಲಿ ಗೋದುಬಾಯಿ ಫೋನಿನ ಮುಂದೆ ಪಹರೆಯವಳಂತೆ ಕುಳಿತಿದ್ದಳು. ಮುಖದಲ್ಲಿ ಗೆಲುವಿತ್ತು.

“ಧಾರವಾಡದಿಂದ ಫೋನ್ ಬಂದಿತ್ತು ತಮ್ಮಾ. ಕಾಲೇಜಿನ ಮಾಸ್ತರಂತ. ಪಾಠಕ್ಕ ಬರಲಾರದವ್ರಿಗೆಲ್ಲಾ ಫೋನ್ ಮಾಡಿ ಕೇಳಾಕತ್ತಾರಂತ. ಕುಬೇರ ಅದಾರೇನ್ರಿ ಅಂದ್ರು.”

“ನೀವೇನಂದ್ರಿ?”

“ನೀ ಹೇಳಿದ್ದ ಹೇಳ್ದೆ. ಇಲ್ಲಿ ಅಂಥವ್ರು ಯಾರೂ ಇಲ್ಲ ಅಂದೆ. ಖರೇನ ಅಂದ್ರು. ದಾಂಡೇಲಪ್ಪನ ಆಣಿ ಅಂದೆ. ಹಂಗಾರ ಹೆಸರ ತಗದ ಬಿಡ್ತೇನಿ ಅಂದ್ರು. ಲಗೂ ತಗೀರಿ ಅಂತ ಇಟ್ಟ ಬಿಟ್ಟೆ.”

ಕುಬೇರನ ಬಳಿ ಇದ್ದ ಬೈಗುಳವೆಲ್ಲ ಕರೆಂಟ್ ಆಫೀಸಿನಲ್ಲಿ ಖರ್ಚಾಗಿತ್ತು. ಕಾಲೇಜಿಗೆ ಫೋನ್ ಹಚ್ಚಿದ. ಎಂಗೇಜ್. ಮತ್ತೆ ಹಚ್ಚಿದ. ಎಂಗೇಜ್. ರಿಸೀವರ್ ಇಟ್ಟದ್ದೇ ತಡ, ಫೋನೇ ರಿಂಗಾಯಿತು. ಹಾರಿ ಹಿಡಿದ.

“ಸರ್, ನಾ ಅದೇನ್ರಿ ಸರ್, ಇಲ್ಲೇ ಅದೇನಿ. ಹೆಸರ ತಗೀಬ್ಯಾಡ್ರಿ.”

“ಕುಬೇರಣ್ಣಾ, ನಾ ಕುವೈತಿನಿಂದ. ಅಮ್ಮೀನ ಸ್ವಲ್ಪ ಕರೀತೀರೇನು?”

ಕುಬೇರ ರಿಸೀವರನ್ನು ಮೇಜಿನ ಮೇಲೆ ಇಟ್ಟು, ಅಂಗಳಕ್ಕೆ ಬಂದು, ಉಳಿದಿದ್ದ ಗಂಟಲಲ್ಲಿ ಎದುರು ಮನೆಗೆ ಕೂಗಿದ.

“ಖತೀಜಾಬೀ, ಲಗೂ ಬರ್ರಿ. ನಿಮಗ ಫೋನ್ ಬಂದೈತಿ.”