ಮೀನಿನ ಮೊದಲ ಮಿಡಿತ

ಸಂಶೋಧನಾಲಯದ ಮುಖ್ಯಸ್ಥೆ ಬೆಳಿಗ್ಗೆ ಆಡಿದ ಒಂದು ಒಳ್ಳೆಯ ಮಾತೇ ಎಲ್ಲ ಎಡವಟ್ಟಿಗೂ ಕಾರಣ.

"ನಮ್ಮ ತಂಡದಲ್ಲಿ ಯಾರಿಗೂ ತಾವು ಹೊರಗಿನವರು ಅನ್ನಿಸ್ಬಾರ್ದು. ಇವತ್ತು ಎಲ್ಲರೂ ಹೋಗಿ ಮಾತಾಡ್ಸಿ."

ಮೀನಿನ ತೊಟ್ಟಿಗಳ ಹಿಂದೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿ ಕೂತಿದ್ದ ಸಂಕೋಚಪ್ಪನಿಗೆ ಇದು ಕೇಳಿಸಿತು. ಸಂಕೋಚಪ್ಪ ಎಂಬುದು ಹೆಂಡತಿ ಇಟ್ಟ ಹೆಸರು. ನಾಲ್ಕು ವರ್ಷದಿಂದ ಇದೇ ಮೂಲೆಯಲ್ಲಿದ್ದರೂ ಅವನನ್ನು ಟೀಗೆ ಕರೆದವರಿಲ್ಲ. ಕೊನೆಗೂ ಕಣ್ಣಿಗೆ ಬಿದ್ದೆನಲ್ಲ ಎಂದುಕೊಂಡ.

ದಿನ ಮಾತ್ರ ಸರಿಯಿರಲಿಲ್ಲ. ಅವನ ಮುಂದಿದ್ದದ್ದು ಸಾಸಿವೆ ಗಾತ್ರದ, ಗಾಜಿನಂಥ ಮೀನಿನ ಮೊಟ್ಟೆ. ಅದರೊಳಗಿನ ಹೃದಯ ಇಂದು ಮೊದಲ ಸಲ ಮಿಡಿಯಬೇಕು. ಆ ಗಳಿಗೆಯನ್ನು ಕಣ್ಣಾರೆ ನೋಡುವ ಆಸೆ ಅವನಿಗೆ; ಪ್ರತಿ ಸಲವೂ ತಪ್ಪಿಹೋಗಿತ್ತು.

ಮೊದಲು ಬಂದವನು ತಂಡದ ಅಂಕಿ-ಅಂಶ ನೋಡಿಕೊಳ್ಳುವ ಲೆಕ್ಕಿಗ. "ಬನ್ನಿ ಸಾರ್, ಟೀ ಕುಡಿಯೋಣ. ಕ್ಯಾಂಟೀನ್ ಎಲ್ಲಿದೆ ಅಂತ ಗೊತ್ತಾಯ್ತಾ?"

ಗೊತ್ತು ಎಂದರೆ ಎಲ್ಲಿ ಬಿಟ್ಟುಹೋಗುತ್ತಾನೋ ಎಂದು ಸಂಕೋಚಪ್ಪ ಇಲ್ಲವೆಂಬಂತೆ ತಲೆಯಾಡಿಸಿದ. ಟೀ ಮುಗಿಯುವಷ್ಟರಲ್ಲಿ ರಸಾಯನ ವಿಭಾಗದವಳು ಕಟ್ಟಡ ತೋರಿಸಲು ಎಳೆದೊಯ್ದಳು. ಶೌಚಾಲಯದ ಬಾಗಿಲನ್ನೂ ಬಿಡಲಿಲ್ಲ. ಅಲ್ಲಿಂದ ಗುಂಪಿನ ಫೋಟೋ. ಹೊಸ ಅಳಿಯನ ಹಾಗೆ ಅವನನ್ನು ನಡುವೆ ನಿಲ್ಲಿಸಿದರು.

"ನನ್ನ ಮೊಟ್ಟೆ..." ಎಂದ.

"ಊಟಕ್ಕೆ ಮೊಟ್ಟೆನೂ ಇದೆ, ಯೋಚ್ನೆ ಮಾಡ್ಬೇಡಿ," ಎಂದ ಲೆಕ್ಕಿಗ.

ಊಟದ ಮೇಜಿನಿಂದ ಸಂಕೋಚಪ್ಪ ಎದ್ದು ಓಡಿದ. ಮುನಿಸಿಕೊಂಡನೇನೋ ಎಂದು ಗಾಬರಿಯಾಗಿ ತಂಡವೆಲ್ಲ ಹಿಂದೆಯೇ ಓಡಿತು. ಅವನು ಸೂಕ್ಷ್ಮದರ್ಶಕದ ಮುಂದೆ ಕೂತ; ಪಕ್ಕದ ಪರದೆಯಲ್ಲಿ ಎಲ್ಲರಿಗೂ ಕಂಡಿತು.

ಜೀವಕೋಶಗಳ ಒಂದು ಬೂದು ಗುಂಪು. ಒಂದು ಕೋಶ ಅದುರಿತು. ಇನ್ನೊಂದು ಬೇರೆಯೇ ಲಯದಲ್ಲಿ ನಡುಗಿ ಸುಮ್ಮನಾಯಿತು. ಆಮೇಲೆ, ಯಾರ ಅಪ್ಪಣೆಯೂ ಇಲ್ಲದೆ, ಅಷ್ಟೂ ಕೋಶಗಳು ಒಟ್ಟಿಗೆ ಮುದುಡಿ ಅರಳಿದವು. ಮತ್ತೆ. ಮತ್ತೆ. ಅರೆಗಳಿಗೆಯ ಹಿಂದೆ ಇಲ್ಲದಿದ್ದ ಹೃದಯವೊಂದು ಈಗ ಇತ್ತು.

ಲೆಕ್ಕಿಗ ಊಟದ ಚಮಚ ಹಿಡಿದೇ ಪರದೆಯತ್ತ ಬಾಗಿದ. ಮುಖ್ಯಸ್ಥೆ ಸಂಕೋಚಪ್ಪನ ಹೆಗಲ ಮೇಲೆ ಕೈಯಿಟ್ಟರು.

"ನಾನೂ ಇದನ್ನ ಯಾವತ್ತೂ ನೋಡಿರ್ಲಿಲ್ಲ," ಎಂದು ಪಿಸುಗುಟ್ಟಿದರು. "ಕೆಲಸಕ್ಕೆ ಸೇರಿದ ದಿನವೇ ತೋರಿಸ್ಬಿಟ್ರಲ್ಲ ನೀವು."

"ನಾನು ಸೇರಿ ನಾಲ್ಕು ವರ್ಷ ಆಯ್ತು ಮೇಡಂ."

ಅಷ್ಟರಲ್ಲಿ ಚೀಲ ಹೊತ್ತ ಹುಡುಗಿಯೊಬ್ಬಳು ಬಾಗಿಲಲ್ಲಿ ಇಣುಕಿದಳು. "ನಾನು ಇವತ್ತು ಹೊಸದಾಗಿ ಸೇರ್ಬೇಕಿತ್ತು. ಬೆಳಿಗ್ಗೆಯಿಂದ ಕೆಳಗೇ ಕೂತಿದ್ದೆ. ಯಾರೂ ಕರೀಲಿಲ್ಲ."

ಮುಖ್ಯಸ್ಥೆಯ ಕೈ ಅವನ ಹೆಗಲಿನಿಂದ ಮೆಲ್ಲಗೆ ಇಳಿಯಿತು. ತಂಡ ಹುಡುಗಿಯತ್ತ ಮುಗಿಬಿತ್ತು. ಒಬ್ಬರು ಚೀಲ ಇಸಕೊಂಡರು, ಇನ್ನೊಬ್ಬರು ಟೀಗೆ ಓಡಿದರು.

"ಸ್ವಲ್ಪ ಏಳ್ತೀರಾ ಸಾರ್?" ಎಂದ ಲೆಕ್ಕಿಗ. "ಹೊಸಬರು ಕೂತು ನೋಡ್ಲಿ."

ಸಂಕೋಚಪ್ಪ ಎದ್ದ. ಹೃದಯ ಬಡಿಯುತ್ತಲೇ ಇತ್ತು. ಅಷ್ಟೂ ತಲೆಗಳ ನಡುವಿನ ಸಂದಿಯಿಂದ ಅವನು ಅದನ್ನು ಕಣ್ಣರಳಿಸಿ ನೋಡುತ್ತ ನಿಂತ.