ಮೀಟರಿನ ಮಾತು ಕೇಳುವ ಮಾವ

ನಮ್ಮ ಸೋದರಮಾವನ ಕಾರು ಓಡುವುದನ್ನು ಇಂಡಿ ತಾಲೂಕಿನ ಮಂದಿಯೆಲ್ಲ ನೋಡಿದ್ದರು. ಆದರೆ ಯಾರದಾದರೂ ಮನೆ ಮುಂದೆ ಅದರ ಸದ್ದು ನಿಂತದ್ದನ್ನು ಕೇಳಿದ ಪುಣ್ಯಾತ್ಮರು ಒಬ್ಬರೂ ಇರಲಿಲ್ಲ! ಕಾರು ನಿಂತರೂ ಇಂಜಿನ್ನು ಗುರ್ ಎನ್ನುತ್ತಲೇ ಇರಬೇಕು. ಒಮ್ಮೆ ಬಂದ್ ಮಾಡಿದರೆ ಮತ್ತೆ ಚಾಲೂ ಆಗುವುದಿಲ್ಲ ಎಂಬುದು ಅವನ ಖಾತ್ರಿ. ಆ ಖಾತ್ರಿ ಕೊಟ್ಟವರು ಯಾರು? ಮೀಟರು!

ಎಪ್ಪತ್ತರ ದಶಕದ ಮಾತು. ಮಾವನದು ನಿಂಬೆ ತೋಟ. ಸೊಲ್ಲಾಪುರಕ್ಕೆ ಹಣ್ಣು ಒಯ್ದವನು ಬರುವಾಗ ಹಳೇ ಬಜಾರಿನಿಂದ ಬ್ಯಾಟರಿಯ ಶಕ್ತಿ ತೋರಿಸುವ ಒಂದು ವೋಲ್ಟ್ ಮೀಟರು ತಂದು, ತಾನೇ ಡ್ಯಾಶ್‌ಬೋರ್ಡಿಗೆ ಕೂಡಿಸಿಕೊಂಡ. ಅಲ್ಲಿ ಆಗಲೇ ದೇವರ ಫೋಟೋಕ್ಕೊಂದು ಕೆಂಪು ಬಲ್ಬು, ಮಾವನ ಬೋಳು ತಲೆಗೊಂದು ಸಣ್ಣ ಫ್ಯಾನು ಇದ್ದವು. ಮೂರಕ್ಕೂ ಸೇರಿ ಒಂದೇ ತೆಳು ವೈರು! ಹನ್ನೆರಡರ ಮೇಲಿರಬೇಕಾದ ಮುಳ್ಳು ಹನ್ನೊಂದರ ಕೆಳಗೇ ತೂಕಡಿಸುತ್ತಿತ್ತು. ಮಾವ ಹೊಸ ಬ್ಯಾಟರಿ ಹಾಕಿಸಿದ. ಮುಳ್ಳು ಅಲ್ಲೇ! "ಈಗಿನ ಬ್ಯಾಟರಿನೂ ಹಂಗ, ಈಗಿನ ಮಂದಿನೂ ಹಂಗ," ಎಂದ.

ಸಾಲೋಟಗಿಯ ಮದುವೆಯೊಂದಕ್ಕೆ ಹೋದಾಗ ಕಾರಿನಿಂದ ಇಳಿಯಲೇ ಇಲ್ಲ. ಮುಹೂರ್ತಕ್ಕೆ ಸರಿಯಾಗಿ ಅಕ್ಕಿಕಾಳನ್ನು ಕಿಟಕಿಯಿಂದಲೇ ಎಸೆದ! ಅವು ವಧೂವರರ ಬದಲು ಬಾಜಾ ಬಾರಿಸುವವನ ತಲೆಯ ಮೇಲೆ ಬಿದ್ದವು. "ಬೀಳಲಿ ಬಿಡು, ಅವಂದೂ ಲಗ್ನ ಆಗಿಲ್ಲ," ಎಂದು ಸಮಾಧಾನಪಟ್ಟುಕೊಂಡ.

ಪೆಟ್ರೋಲು ಹಾಕಿಸುವಾಗ ಮಾತ್ರ ಬಂದ್ ಮಾಡಲೇಬೇಕಲ್ಲ? ಅದಕ್ಕೂ ಉಪಾಯವಿತ್ತು. ಝಳಕಿಯಲ್ಲಿ ಬಂಕಿನ ಎದುರಿನ ಹೋಟೆಲಿನಲ್ಲಿ ಕೂತವರಿಗೆಲ್ಲ ಮೊದಲೇ ಚಹಾ ಕುಡಿಸಿಬಿಡುವುದು! ಮಾವನ ಚಹಾ ಕುಡಿದವರು ಕಾರು ನೂಕದೆ ಇರುತ್ತಾರೆಯೆ? "ಸಾವ್ಕಾರ್ರ, ಒಮ್ಮೆರೆ ಕೀಲಿ ತಿರುವಿ ನೋಡ್ರಿ," ಎಂದು ಒಬ್ಬ ಏದುಸಿರು ಬಿಡುತ್ತ ಅಂದದ್ದಕ್ಕೆ ಮಾವ ಸಿಡಿದೆದ್ದ. "ತಿರುವಿದ್ರ ಬ್ಯಾಟರಿ ಇದ್ದಷ್ಟೂ ಹೋಗತೈತಿ! ನೂಕೋ ನೀ!"

ಇದೆಲ್ಲ ನಗುವ ಮಾತು. ನಮ್ಮ ಅವ್ವನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೂ ನಾವು ಹೂವಿನ ಹಿಪ್ಪರಗಿಯಲ್ಲೇ ಇದ್ದೆವು. ಅವ್ವನನ್ನು ತವರಿಗೆ ಕರೆದೊಯ್ಯಲು ಮಾವ ನಾಗರ ಪಂಚಮಿಗೆ ತಪ್ಪದೆ ಬರುತ್ತಿದ್ದ. ಬಂದವನು ಬಾಗಿಲಲ್ಲೇ ಕಾರಿನಲ್ಲಿ ಕೂತುಬಿಡುತ್ತಿದ್ದ!

"ತಮ್ಮಾ, ಒಳಗ ಬಾರೋ."

"ಮೀಟರ್ ನೋಡ ಇಲ್ಲೆ ಅಕ್ಕಾ! ಗಾಡಿ ಬಂದ್ ಬಿದ್ರ ನಿನ್ನ ಯಾರ ಒಯ್ಯವ್ರು?"

"ನಿನ್ನ ಮೀಟರಿಗಿಷ್ಟು ಬೆಂಕಿ ಹಚ್ಚ!" ಎನ್ನುತ್ತ ಅವ್ವ ಶೇಂಗಾ ಉಂಡಿಯ ತಾಟನ್ನು ಕಿಟಕಿಯಲ್ಲೇ ತೂರಿಸುತ್ತಿದ್ದಳು. ಓಣಿಯ ಹೆಂಗಸರು ಮುಸಿಮುಸಿ ನಗುತ್ತಿದ್ದರು. ಒಂದು ವರ್ಷ ಅವಳಿಗೆ ತಡೆಯಲಾಗಲಿಲ್ಲ. ಆಗ ನಾನು ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. "ಒಡಹುಟ್ಟಿದವ ನನ್ನ ಹೊಸ್ತಿಲ ದಾಟವಲ್ಲ ನೋಡಪ್ಪಾ. ಸಾಲ್ಯಾಗ ಏನ ಕಲಸ್ತೀಯೋ ನೀ? ಅವನ್ನ ಒಮ್ಮೆ ಒಳಗ ಕರ್ಕೊಂಡ ಬಂದು ತೋರ್ಸು!" ಎಂದು ಕಣ್ಣೀರು ಹಾಕಿದಳು.

ಆ ಪಂಚಮಿಗೆ ಹೆಡ್‌ಮಾಸ್ತರರನ್ನು ಕೇಳಿ ಸಾಲಿಯ ಮೀಟರನ್ನೇ ತಂದೆ! ಬಾನೆಟ್ಟು ಎತ್ತಿ ನೇರ ಬ್ಯಾಟರಿಯ ಎರಡು ತುದಿಗೆ ಹಿಡಿದೆ. ಮುಳ್ಳು ಹದಿನಾಲ್ಕಕ್ಕೆ ಹಾರಿತು! ಒಳಗೆ ಮಾವನ ಮುಳ್ಳು ಅದೇ ಹನ್ನೊಂದರ ಕೆಳಗೆ.

"ನಿಂದು ಸಾಲಿ ಮೀಟರ್ರೋ ಅಳಿಯಾ," ಮಾವ ನಕ್ಕ. "ಎಲ್ಲಾರ್ನೂ ಪಾಸ್ ಮಾಡಿ ಮಾಡಿ ರೂಢಿ ಬಿದ್ದೈತಿ!"

"ಇರ್ಲಿ ಮಾಮಾ, ನಿಮ್ಮ ಫ್ಯಾನ್ ಬಂದ್ ಮಾಡ್ರಿ."

ಮಾಡಿದ. ಅವನ ಮುಳ್ಳು ಟಣ್ಣನೆ ಮೇಲೆದ್ದಿತು! ದೇವರ ಬಲ್ಬು ಆರಿಸಿದ. ಮತ್ತೂ ಮೇಲೆ! ನನ್ನ ಮೀಟರು ಅಲ್ಲಾಡಲಿಲ್ಲ.

"ಇದೇನೋ! ಫ್ಯಾನ್ ಬಂದ್ ಮಾಡಿದ್ರ ಬ್ಯಾಟರಿ ತುಂಬತೈತೇನು?"

"ಬ್ಯಾಟರಿ ಮೊದಲಿಂದಲೂ ತುಂಬೇ ಐತ್ರಿ! ನಿಮ್ಮ ಬಾವಿ ತುಂಬಿದ್ರೂ ಕಾಲುವಿ ತುದಿಯೊಳಗಿನ ಗಿಡಕ್ಕ ನೀರು ಕಡಿಮಿ ಹೋಗತೈತಿಲ್ರಿ? ನಡುವಿನ ಗಿಡ ಕುಡದು ಉಳದದ್ದಷ್ಟ. ನೀವು ಮೀಟರ್ ಇಟ್ಟದ್ದು ಕಾಲುವಿ ತುದಿಗೆ. ಅದು ಅಲ್ಲೀ ಸುದ್ದಿ ಹೇಳತೈತಿ, ಬಾವೀದಲ್ಲ."

ತೋಟದವನಿಗೆ ಇದಕ್ಕಿಂತ ಬಿಡಿಸಿ ಹೇಳಬೇಕೆ? ಮಾವ ತಲೆಯಾಡಿಸಿದ. ಗೆದ್ದೆ ಎಂದು ನಾನು ಕುಣಿಯುವುದೊಂದು ಬಾಕಿ! "ಹಂಗಾರ ಬಂದ್ ಮಾಡಿ ಒಳಗ ಬರ್ರಿ," ಎಂದೆ.

ಅವನ ಕೈ ಕೀಲಿಯ ಹತ್ತಿರ ಹೋಗಿ ಹಿಂದಕ್ಕೆ ಬಂತು. ಇಂಜಿನ್ನು ಗುರ್ ಎನ್ನುತ್ತಲೇ ಇತ್ತು. ಅವ್ವ ಹೊಸ್ತಿಲಲ್ಲಿ ನಿಂತಿದ್ದಳು.

"ತಿಳೀತೋ ಅಳಿಯಾ. ತಲಿಗೆ ತಿಳೀತು, ಕೈ ಕೇಳವಲ್ದು," ಎಂದ ಮಾವ ಅವ್ವನ ಕಡೆ ನೋಡಿದ. "ಅಕ್ಕಾ, ನಿನ್ನ ಮನಿಯವ್ರು ಹೋದ ದಿನ ಈ ಗಾಡಿ ಚಾಲೂ ಆಗಲಿಲ್ಲ. ಬಸ್ ಹಿಡದು ಬರೂದ್ರಾಗ ಮಣ್ಣು ಮುಗದಿತ್ತು. ಇದ ಬಾಗಲದಾಗ ನೀ ಒಬ್ಬಾಕಿ ಕುಂತಿದ್ದಿ. ಮತ್ತ ಹಂಗ ಆಗಬಾರದಂತ ಈ ಮೀಟರ್ ತಂದ್ನಿ. ಅದು ಕಡಿಮಿ ತೋರಿಸಿದಷ್ಟೂ ನನಗ ಖರೇ ಅನಸ್ತು. ಆ ಹೊಸ್ತಿಲ ಹ್ಯಾಂಗ ದಾಟಲಿ ನಾ?"

ಇಷ್ಟು ವರ್ಷ ನಾವೆಲ್ಲ ಈ ಮನುಷ್ಯನನ್ನು ನೋಡಿ ನಗುತ್ತಿದ್ದೆವಲ್ಲ!

ಅವ್ವ ಮೆಟ್ಟಿಲಿಳಿದು ಬಂದಳು. ಕಿಟಕಿಯೊಳಗೆ ಕೈ ಹಾಕಿ ಕೀಲಿ ಹಿಡಿದಳು. "ಯಾವ ಕಡಿ ತಿರುವಬೇಕೋ ಇದನ್ನ?" ಎಂದು ಕೇಳಿದಳು. ಮಾವ ಬೆರಳು ತೋರಿಸಿದ. ಅವಳೇ ತಿರುವಿದಳು. ಓಣಿಯೆಲ್ಲ ಒಮ್ಮೆಲೇ ಸುಮ್ಮನಾಯಿತು.

"ಹೊತ್ತಾದ್ರೂ ಬಂದಿದ್ದಿ ಅಲ್ಲೋ ಹುಚ್ಚಾ," ಎಂದಳು ಅವ್ವ. "ಅವತ್ತ ಎಲ್ಲಾರ ಮುಂದ ಗಟ್ಟಿಯಾಗಿ ಕುಂತಿದ್ನಿ. ನಿನ್ನ ನೋಡಿದ ಮ್ಯಾಲೇ ನನಗ ಅಳು ಬಂತು."

ಮಾವ ಇಳಿದ. ಅವ್ವ ಕಾಲಿಗೆ ನೀರು ಕೊಡುವುದನ್ನೂ ಮರೆತು, ಅವನ ಕೈ ಹಿಡಿದುಕೊಂಡೇ ಒಳಗೆ ನಡೆದಳು.